ದಮ್ಮಿದ್ದವರಿಗೇ ನಿಮ್ಮ ಓಟು

ಬ್ಯಾನರು ಕಟ್ಟಿದ ದಿನವೇ ಊರು ನಗಲು ಶುರು ಮಾಡಿತು.

ಗುಳೇದಗುಡ್ಡದ ನೇಕಾರರ ಸೊಸೈಟಿಯ ಚುನಾವಣೆಗೆ ಇನ್ನೂ ಐದು ವಾರ ಇತ್ತು. ಹನ್ನೆರಡು ವರ್ಷದಿಂದ ಸೊಸೈಟಿಯ ಅಧ್ಯಕ್ಷನಾಗಿದ್ದ ಶಂಕ್ರಪ್ಪನ ಫೋಟೋ ಬ್ಯಾನರಿನ ಅರ್ಧ ಜಾಗ ನುಂಗಿತ್ತು. ಉಳಿದರ್ಧದಲ್ಲಿ ಕೈಮುಗಿದ ಹದಿನಾಲ್ಕು ಸಣ್ಣ ಮುಖಗಳು. ನಡುವೆ ಕೆಂಪಕ್ಷರದಲ್ಲಿ ‘ದಮ್ಮಿದ್ದವರಿಗೇ ನಿಮ್ಮ ಓಟು’ ಎಂದು ಬರೆದಿತ್ತು. ಬರೆಸಿದವನು ಶಂಕ್ರಪ್ಪನ ಅಣ್ಣನ ಮಗ ವಿಜಯಮಹಾಂತೇಶ. ಮೊಬೈಲಿನಲ್ಲಿ ರಾಜಕೀಯದವರ ಭಾಷಣ ಕೇಳಿ ಕೇಳಿ, ದಮ್ಮು ಎಂದರೆ ಎದೆಗಾರಿಕೆ ಎಂದಷ್ಟೇ ಅವನ ತಲೆಯಲ್ಲಿ ಕೂತಿತ್ತು. ಮಗ್ಗದ ಓಣಿಗಳಲ್ಲಿ ಆ ಮಾತಿಗೆ ಅದಕ್ಕಿಂತ ಹಳೆಯ ಅರ್ಥವೊಂದಿದೆ. ಎದೆಯೊಳಗೆ ಸಿಳ್ಳು ಹೊಡೆದಂತೆ ಸಪ್ಪಳ ಮಾಡುತ್ತ, ಉಸಿರು ಹೋದದ್ದು ಬರದಂತೆ ಮಾಡುವ ಬೇನೆಗೂ ಅಲ್ಲಿ ದಮ್ಮು ಎಂದೇ ಹೆಸರು. ಶಂಕ್ರಪ್ಪನಿಗೆ ಆ ದಮ್ಮು ಇರುವುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲ ಎಂದುಕೊಂಡಿದ್ದವನು ಶಂಕ್ರಪ್ಪ ಒಬ್ಬನೇ.

ಎದುರು ಪಾರ್ಟಿಯ ದುರಗಪ್ಪ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಬ್ಯಾನರನ್ನು ಎರಡು ಸಲ ಓದಿದ.

“ಹನ್ನೆರಡು ವರ್ಷದಾಗ ಶಂಕ್ರಪ್ಪ ಹೇಳಿದ ಮೊದಲನೇ ಖರೆ ಮಾತಿದು,” ಎಂದ. “ಇದನ್ನ ಯಾರೂ ಹರಿಬ್ಯಾಡ್ರಪಾ. ಇರಲಿ.”

ಮಾತು ಸಂಜೆಯೊಳಗೆ ಶಂಕ್ರಪ್ಪನ ಮನೆ ತಲುಪಿತು. ಆಗ ಅವನು ಪಡಸಾಲೆಯಲ್ಲಿ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಕೂತಿದ್ದ. ಕೊರೋನಾ ಕಾಲದಲ್ಲಿ ಯಾರೋ ದಾನಿಗಳು ಸೊಸೈಟಿಗೆ ಆಕ್ಸಿಜನ್ ಮಷಿನ್ ಒಂದನ್ನು ಕೊಟ್ಟಿದ್ದರು. ಸುತ್ತಲಿನ ಗಾಳಿಯಿಂದಲೇ ಆಕ್ಸಿಜನ್ ಸೋಸಿ ಕೊಡುವ, ಕೆಳಗೆ ಗಾಲಿಗಳಿರುವ ಬಿಳಿ ಪೆಟ್ಟಿಗೆ. ಸೊಸೈಟಿಯ ಕೋಣೆಗೆ ಗಟ್ಟಿ ಕೀಲಿ ಇಲ್ಲವೆಂದು ಅದನ್ನು ಅಧ್ಯಕ್ಷರ ಮನೆಯಲ್ಲಿ ಇರಿಸಲಾಯಿತು. ಹೊಸ ಕೀಲಿ ತರಲು ನಾಲ್ಕು ವರ್ಷ ಸಾಕಾಗಿರಲಿಲ್ಲ.

ದಿನಾ ಸಂಜೆ ಒಂದು ತಾಸು ಅದರ ಮುಂದೆ ಕೂರುವುದು ಶಂಕ್ರಪ್ಪನ ನೇಮ. ಬಂದವರು ಕೇಳುವ ಮೊದಲೇ, “ಇದು ಬ್ಯಾನಿಗಲ್ಲ, ತಾಕತ್ತಿಗೆ,” ಎನ್ನುತ್ತಿದ್ದ. ಡಾಕ್ಟರು ಬರೆದುಕೊಟ್ಟ ಪಂಪನ್ನು, ಅಂದರೆ ಬಾಯಿಗೆ ಹಿಡಿದು ಎಳೆದುಕೊಳ್ಳುವ ಔಷಧವನ್ನು, ಅವನು ಒಂದು ದಿನವೂ ಮುಟ್ಟಿರಲಿಲ್ಲ. ಗುಳಿಗೆ ತಗೊಂಡರೆ ಬೇನೆ, ಪಂಪು ತಗೊಂಡರೆ ಚಟ ಎಂಬುದು ಅವನ ವಿಚಾರ. ಬೇನೆ ಅಧ್ಯಕ್ಷನಿಗೆ ಬರಬಹುದು, ಚಟ ಬರಬಾರದು.

“ಮಂದಿ ನಗಾಕ ಹತ್ಯಾರಂತ,” ಎಂದಳು ಹೆಂಡತಿ ಗುರುಲಿಂಗವ್ವ. ಅವಳು ಬಾಗಿಲಲ್ಲಿ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು.

“ನಗಲಿ. ನನಗ ದಮ್ಮ ಎಲ್ಲೈತಿ? ಒಂದೀಟ ನೆಗಡಿ.”

“ಹನ್ನೆರಡು ವರ್ಷದ ನೆಗಡಿ. ಆ ಡಬ್ಬಿ ಮನಿಗೆ ಬಂದಾಗಿಂದ ನಾ ಟಿವಿ ಕೇಳಿಲ್ಲ. ನೀವು ಉಸಿರಾಡಿದ್ದಷ್ಟ ಕೇಳೇನಿ.”

ಆ ಹೊತ್ತಿಗೆ ವಿಜಯಮಹಾಂತೇಶ ಮುಖ ಸಣ್ಣ ಮಾಡಿಕೊಂಡು ಬಂದ. ಆದರೆ ಬರಿಗೈಯಲ್ಲಿ ಬಂದಿರಲಿಲ್ಲ. ಬಾಗಲಕೋಟೆಯ ದೊಡ್ಡ ದವಾಖಾನೆಯೊಂದರಲ್ಲಿ ದಮ್ಮಿನವರಿಗೆ ಆಕ್ಸಿಜನ್ ಕೊಟ್ಟು ಪರೀಕ್ಷೆ ಮಾಡುತ್ತಾರೆ, ಕೊನೆಗೆ ಒಂದು ಕಾಗದ ಕೊಡುತ್ತಾರೆ ಎಂಬ ಸುದ್ದಿ ತಂದಿದ್ದ.

“ಆ ಕಾಗದದಾಗ ಚಲೋ ನಂಬರ್ ಬಂತಂದ್ರ ಮುಗೀತ ಕಾಕಾ. ಅದನ್ನ ಇನ್ನೊಂದು ಬ್ಯಾನರ್ ಮಾಡಸೂನು.”

“ಆಕ್ಸಿಜನ್ ಕೊಟ್ಟಽ ನೋಡ್ತಾರೇನು?”

“ಹೌದ್ರಿ.”

ಶಂಕ್ರಪ್ಪನಿಗೆ ನಂಬಿಕೆ ಬಂತು. ಆಕ್ಸಿಜನ್ನಿನ ವಿಷಯದಲ್ಲಿ ತನಗಿರುವ ಅನುಭವ ಊರಲ್ಲಿ ಯಾರಿಗಿದೆ?

ದವಾಖಾನೆಯ ಬೆಂಚಿನ ಮೇಲೆ ಆಗಲೇ ಏಳೆಂಟು ಜನ ಕೂತಿದ್ದರು. ಅವರಲ್ಲಿ ಒಬ್ಬಳು ಮಾದೇವಿ. ಶಂಕ್ರಪ್ಪನ ಹಿಂದಿನ ಓಣಿಯವಳೇ. ಮೂವತ್ತು ವರ್ಷದಿಂದ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಪ್ಪಸದ ಖಣ ನೇಯುತ್ತಿದ್ದ ಹೆಂಗಸು. ನೂಲಿನ ಧೂಳು, ಗಂಜಿಯ ವಾಸನೆ ಕುಡಿದು ಅವಳಿಗೂ ದಮ್ಮು. ಆದರೆ ಅವಳು ಅದನ್ನು ಮುಚ್ಚಿಟ್ಟಿರಲಿಲ್ಲ. ಸೊಂಟದ ಎಲೆ-ಅಡಿಕೆ ಚೀಲದಲ್ಲಿ ಎಲೆಯ ಜೊತೆಗೇ ಪಂಪು ಇಟ್ಟುಕೊಂಡಿರುತ್ತಿದ್ದಳು. ಬೆಳಿಗ್ಗೆ ದಿನದ ಔಷಧದ ಒಂದು ಪಂಪು. ಎದೆ ಬಿಗಿದರೆ ತಟ್ಟನೆ ಬಿಡಿಸುವ ಇನ್ನೊಂದು.

“ಅಧ್ಯಕ್ಷರು ಬಂದ್ರಲ್ಲ,” ಎಂದು ಅವಳು ಸರಿದು ಜಾಗ ಕೊಟ್ಟಳು. “ನಿಮಗೂ ದಮ್ಮೇನ್ರಿ?”

“ಪರೀಕ್ಷಾ ಹೆಂಗ ನಡೀತೈತಿ ನೋಡಾಕ ಬಂದೇನಿ. ನಮ್ಮ ಸದಸ್ಯರ ಆರೋಗ್ಯ ನೋಡಬೇಕಲ್ಲ?”

“ಹಂಗರ ನನ್ನ ನೋಡಾಕ ಬಂದೀರಿ. ಭಾಳ ಚಲೋ ಆತು.”

ಡಾಕ್ಟರ್ ಅನುರಾಧಾ ಬೆಂಚಿನವರನ್ನೆಲ್ಲ ಕೂಡಿಸಿಕೊಂಡು ತಿಳಿಸಿ ಹೇಳಿದರು. “ನಿಮ್ಮ ಉಸಿರಿನ ಕೊಳವಿಗಳು ಸಿಟ್ಟಿನ ಮನುಷ್ಯಾರಿದ್ದಂಗ. ಧೂಳು, ಹೊಗಿ, ಊದಿನಕಡ್ಡಿ, ಯಾವುದಕ್ಕರ ತಟ್ಟನ ಮುಷ್ಟಿ ಹಿಡಿತಾವ. ಎಷ್ಟು ಕೆಣಕಿದ್ರ ಹಿಡಿತಾವ ಅನ್ನೂದನ್ನ ನಾವು ಅಳೀತೇವಿ. ಒಂದು ಔಷಧದ ಮಂಜು ಉಸಿರಾಗ ಬಿಡ್ತೇವಿ. ಮೊದಲ ಭಾಳ ತೆಳ್ಳಗ, ಆಮ್ಯಾಲ ಒಂದೊಂದ ಮೆಟ್ಟಿಲ ಜೋರು. ಅಂಥಾವು ಎಂಟು. ಕೊಳವಿ ಬಿಗಿದ ಕೂಡ್ಲೇ ನಿಲ್ಲಿಸಿ, ಪಂಪು ಕೊಟ್ಟು ಬಿಡಸ್ತೇವಿ.”

“ಆಕ್ಸಿಜನ್ ಯಾಕ್ರಿ ಮತ್ತ?” ಎಂದಳು ಮಾದೇವಿ.

“ಅದನ್ನ ನೋಡಬೇಕಾಗೇತಿ. ಆಕ್ಸಿಜನ್ ಕುಡಿಯೂವಾಗ ಆ ಸಿಟ್ಟು ಇಳೀತೈತೋ, ಇದ್ದಷ್ಟ ಇರತೈತೋ ಅಂತ. ಅದಕ್ಕ ಒಂದು ದಿನ ಮಾಸ್ಕಿನಾಗ ಆಕ್ಸಿಜನ್, ಒಂದು ವಾರ ಬಿಟ್ಟು ಇನ್ನೊಂದು ದಿನ ಬರೇ ಗಾಳಿ. ಯಾವ ದಿನ ಯಾವುದು ಅನ್ನೂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಚೀಟಿ ಲಕೋಟಿಯೊಳಗ ಐತಿ. ಎಲ್ಲಾರದೂ ಮುಗದ ಮ್ಯಾಲ ಒಡೀತೇವಿ.”

ಶಂಕ್ರಪ್ಪ ಮೀಸೆಯೊಳಗೇ ನಕ್ಕ. ‘ಗೊತ್ತಿಲ್ಲ’ ಎನ್ನುವುದು ಸಾಮಾನ್ಯ ಜನರಿಗೆ ಹೇಳುವ ಮಾತು. ಸೊಸೈಟಿಯ ಬಾಗಿಲಲ್ಲಿ ನಿಂತು ನೂಲು ಯಾವಾಗ ಬರುತ್ತದೆಂದು ಕೇಳಿದವರಿಗೆ ಅವನೇ ಎಷ್ಟೋ ಸಲ ಅದನ್ನು ಹೇಳಿದ್ದ. ಆದ್ದರಿಂದ ಒಳಗೆ ಹೋದ ಕೂಡಲೇ ಮಾಸ್ಕು ಕಟ್ಟುತ್ತಿದ್ದ ನರ್ಸಿಗೆ ತಾನು ಯಾರೆಂದು ತಿಳಿಸಿದ. “ಸ್ವಲ್ಪ ಚಲೋದು ಹಚ್ಚವ್ವಾ,” ಎಂದ. ನರ್ಸು “ಎರಡೂ ಚಲೋ ಅದಾವ್ರಿ,” ಎಂದಳು. ಹಾಗೆಂದರೆ ಆಯಿತು ಎಂದರ್ಥ. ಗೊತ್ತಿದ್ದವರಿಗೆ ಗೊತ್ತಾಗುವ ಭಾಷೆ.

ಆ ದಿನ ಮಾಸ್ಕಿನೊಳಗಿನ ಗಾಳಿ ಅವನಿಗೆ ಮಹಾಕೂಟದ ಹೊಂಡದಲ್ಲಿ ಮುಳುಗಿ ಎದ್ದಷ್ಟು ತಂಪಾಗಿತ್ತು. ಮೈಯೆಲ್ಲ ಹಗುರವಾಯಿತು. ಮಂಜು ಎಳೆದ, ನಳಿಕೆಯಲ್ಲಿ ಊದಿದ, ಮತ್ತೆ ಎಳೆದ. ಎದೆ ಬಿಗಿದಾಗ ನಿಲ್ಲಿಸಿ ಪಂಪು ಕೊಟ್ಟರು. ಮುಚ್ಚಿದ ಕೋಣೆಯಾದ್ದರಿಂದ ತಗೊಂಡ. ಊರಿಗೆ ಬಂದವನು ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ನಡೆದೇ ಬಂದು, ಮೂರು ರೊಟ್ಟಿ ಉಣ್ಣುವಲ್ಲಿ ಐದು ಉಂಡು, “ದವಾಖಾನಿ ಆಕ್ಸಿಜನ್ ಅಂದ್ರ ಹಿಂಗಿರತೈತಿ,” ಎಂದ.

ಮರುವಾರ ಮಾಸ್ಕು ಕಟ್ಟಿದ ಕ್ಷಣವೇ ಅವನಿಗೆ ಮೋಸ ತಿಳಿಯಿತು. ಬರೇ ಗಾಳಿ. ಬೇಸಿಗೆಯಲ್ಲಿ ಹುನಗುಂದದ ಬಸ್ಸಿನ ಕಿಟಕಿಯಿಂದ ಬರುವಂಥ ಗಾಳಿ. ಮುಖ ಗಂಟು ಹಾಕಿಕೊಂಡೇ ಊದಿದ. ಹೊರಗೆ ಬಂದು ಮಾದೇವಿಯ ಪಕ್ಕ ಕೂತ.

“ನಿನಗ ಯಾವ ದಿನ ಆಕ್ಸಿಜನ್ ಬಂತು?”

“ಯಾರಿಗ್ಗೊತ್ತರಿ. ಎರಡೂ ದಿನ ರಬ್ಬರಿನ ವಾಸನಿ ಬಂತು.”

“ಅದು ತಿಳಿಯಾಕ ಅನುಭವ ಬೇಕು.”

“ಹೌದ್ರಿ. ನಂದು ಮೂಗು ಬಡವ್ರ ಮೂಗು.”

ಹತ್ತು ದಿನದ ಮೇಲೆ ಲಕೋಟೆ ಒಡೆದರು. ಅನುರಾಧಾ ಮೇಡಮ್ಮು ಶಂಕ್ರಪ್ಪನ ಕಾಗದ ಮುಂದೆ ಇಟ್ಟುಕೊಂಡು ಹೇಳಿದರು. ಮೊದಲನೆಯ ದಿನ ಮಾಸ್ಕಿನಲ್ಲಿದ್ದದ್ದು ಬರೇ ಗಾಳಿ. ಮೂರನೆಯ ಮೆಟ್ಟಿಲಿಗೇ ಕೊಳವೆ ಬಿಗಿದಿತ್ತು. ಎರಡನೆಯ ದಿನ ಆಕ್ಸಿಜನ್. ನಾಲ್ಕನೆಯ ಮೆಟ್ಟಿಲಿಗೆ ಬಿಗಿದಿತ್ತು.

ಹೊಂಡದ ತಂಪು, ಐದು ರೊಟ್ಟಿ, ಬಸ್‌ಸ್ಟ್ಯಾಂಡಿನಿಂದ ನಡೆದ ನಡಿಗೆ ಎಲ್ಲ ಒಂದು ಕ್ಷಣ ಶಂಕ್ರಪ್ಪನ ಕಣ್ಣ ಮುಂದೆ ಬಂದು ಹೋದವು. ಆದರೆ ಹನ್ನೆರಡು ವರ್ಷ ಕುರ್ಚಿಯಲ್ಲಿ ಕೂತವನು ಇಂಥದ್ದಕ್ಕೆಲ್ಲ ಜಾರುವುದಿಲ್ಲ.

“ಅಂದ್ರ ಆಕ್ಸಿಜನ್ ಇದ್ದಾಗ ಚಲೋ ಆತಲ್ರಿ?”

“ಒಂದು ಮೆಟ್ಟಿಲ. ಅದೂ ಮಾಸ್ಕಿದ್ದಷ್ಟು ಹೊತ್ತು. ಈ ಮಾದೇವಿಯವರಿಗೆ ಎರಡೂ ದಿನ ಆರು ಬಂದೈತಿ, ಒಂದೀಟೂ ಫರಕಿಲ್ಲ. ಎಲ್ಲಾರದೂ ಕೂಡಿಸಿ ನೋಡೂತನಕ ನಾನೂ ಏನೂ ಹೇಳೂದಿಲ್ಲ. ಆದ್ರ ಒಂದು ಹೇಳ್ತೇನಿ. ಆಕ್ಸಿಜನ್ ಸಿಟ್ಟಿನವಗ ಆ ಹೊತ್ತಿನ ಸಮಾಧಾನ ಹೇಳತಿರಬಹುದು, ಬುದ್ಧಿ ಕಲಿಸೂದಿಲ್ಲ. ಬುದ್ಧಿ ಕಲಿಸೂದು ದಿನಾ ತೊಗೊಳ್ಳೋ ಪಂಪು. ಮಾದೇವಿಯವರು ದಿನಾ ತೊಗೊತಾರ, ಆರರತನಕ ತಡದಾರ. ನೀವು ಮೂರಕ್ಕ ಬಿದ್ದೀರಿ. ಇವತ್ತಿನಿಂದ ಶುರು ಮಾಡ್ರಿ.”

ಶಂಕ್ರಪ್ಪ ಇದರಲ್ಲಿ ‘ಒಂದು ಮೆಟ್ಟಿಲ’ ಎನ್ನುವುದನ್ನಷ್ಟೇ ಮನೆಗೆ ತಂದ. ಪಂಪಿನ ಚೀಟಿ ಬಸ್ಸಿನಲ್ಲೇ ಉಳಿಯಿತು. ಕಾಗದದಲ್ಲಿ ಬ್ಯಾನರಿಗೆ ಹಾಕುವಂಥದ್ದು ಏನೂ ಇರಲಿಲ್ಲ. ಎಂಟಕ್ಕೆ ನಾಲ್ಕು ಎಂದು ಹಾಕಿದರೆ ದುರಗಪ್ಪ ಅದಕ್ಕೂ ಏನಾದರೂ ಅಂದಾನು. ಆದರೆ ಉಪಾಯ ಸಿಕ್ಕಿತ್ತು. ಚುನಾವಣೆಗೆ ಮೊದಲು ಸೊಸೈಟಿಯ ಅಂಗಳದಲ್ಲಿ ಒಂದು ದೊಡ್ಡ ಸಭೆ. ಅಲ್ಲಿ ಒಂದು ತಾಸು, ಒಂದು ಸಲವೂ ಕೆಮ್ಮದೆ ಭಾಷಣ ಮಾಡಿದರೆ ದಮ್ಮಿನ ಮಾತು ಅಲ್ಲಿಗೇ ಮಣ್ಣಾಗುತ್ತದೆ. ಊರಿನ ಮುಂದೆ ತನ್ನ ಮಾನ ಉಳಿಯುವುದೂ ಹೋಗುವುದೂ ಆ ಒಂದು ತಾಸಿನಲ್ಲಿ. ಆ ತಾಸು ಪೂರ್ತಿ ಮಷಿನ್ ಪಕ್ಕದಲ್ಲೇ ಇರಬೇಕು.

“ಡಾಕ್ಟರ್ ಪಂಪ ಅಂದ್ರ ನೀವು ಡಬ್ಬಿ ಅಂತೀರಿ,” ಎಂದಳು ಗುರುಲಿಂಗವ್ವ.

“ನಿನಗ ತಿಳಿಯೂದಿಲ್ಲ. ಇದು ಸೈನ್ಸು.”

ಸಭೆಯ ದಿನ ಮಷಿನ್ನನ್ನು ಅಧ್ಯಕ್ಷರ ಕುರ್ಚಿಯ ಹಿಂದೆ ನಿಲ್ಲಿಸಿ ಮೇಲೆ ಒಂದು ಇಳಕಲ್ ಸೀರೆ ಹೊದಿಸಿದರು. ನೋಡಿದವರಿಗೆ ಯಾರೋ ಹೆಣ್ಣುಮಗಳು ಮುಸುಕು ಹಾಕಿಕೊಂಡು ಮುದುಡಿ ಕೂತಂತೆ ಕಾಣುತ್ತಿತ್ತು. ನಳಿಕೆ ಶಾಲಿನ ಒಳಗಿಂದ ಬಂದು ರುಮಾಲಿನ ಅಂಚಿನಿಂದ ಇಳಿದು ಮೂಗಿಗೆ ಸೇರಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕಿ ಬೋರವ್ವ, “ಅಧ್ಯಕ್ಷರು ಮೂಗುತಿ ಇಟ್ಟಾರೇನ?” ಎಂದು ಪಕ್ಕದವಳನ್ನು ಕೇಳಿದಳು.

ಹತ್ತು ನಿಮಿಷ ಎಲ್ಲ ಸರಿಯಾಗಿ ನಡೆಯಿತು. ನೂಲು, ಬಣ್ಣ, ಮಾರ್ಕೆಟ್ಟು ಎಂದು ಶಂಕ್ರಪ್ಪ ಏರುದನಿಯಲ್ಲೇ ಹೇಳುತ್ತಿದ್ದ. ಕೆಮ್ಮು ಬರಲಿಲ್ಲ. ವಿಜಯಮಹಾಂತೇಶನಿಗೆ ಹುರುಪು ಏರಿತು. ಕಾಕಾನ ದನಿ ದುರಗಪ್ಪನ ಮನೆಯವರೆಗೆ ಮುಟ್ಟಲಿ ಎಂದು ಇನ್ನೊಂದು ದೊಡ್ಡ ಸ್ಪೀಕರ್ ಡಬ್ಬ ತಂದು ನಿಲ್ಲಿಸಿದ. ವಯರಿನ ಬೋರ್ಡಿನಲ್ಲಿ ಖಾಲಿ ತೂತು ಇರಲಿಲ್ಲ. ಒಂದು ಪ್ಲಗ್ಗು ಸೀರೆಯ ಕೆಳಗೆ ಹೋಗಿತ್ತು. ಕೂಲರಿನದಿರಬೇಕು, ಹೆಂಗೂ ಬಿಸಿಲಿಲ್ಲ ಎಂದುಕೊಂಡು ಅದನ್ನು ಕಿತ್ತ. ಮಷಿನ್ ಅಲ್ಲಿಗೆ ತರಲು ನಾಲ್ಕು ಜನರನ್ನು ಕರೆದು ಓಡಾಡಿದವನೇ ಅವನು.

ಅದೇ ಹೊತ್ತಿಗೆ ಹಾರ ಹಾಕುವವರು ಬಂದರು. ಹಾರದ ಜೊತೆ ತಟ್ಟೆ ತುಂಬ ಗುಲಾಲು, ಒಂದು ಹಿಡಿ ಊದಿನಕಡ್ಡಿ. ಗುಲಾಲನ್ನು ತಲೆಯ ಮೇಲೆ ಸುರಿದರು. ಶಂಕ್ರಪ್ಪ ಬಾಯಿ ತೆರೆದು “ಮಹಾಜನರ” ಎಂದ. ಮುಂದಿನ ಮಾತು ಬರಲಿಲ್ಲ.

ಬಂದದ್ದು ಸಿಳ್ಳು. ಮೊದಲು ಸಣ್ಣಗೆ, ಮುಚ್ಚಿದ ಬಾಗಿಲ ಸಂದಿನಲ್ಲಿ ಗಾಳಿ ನುಗ್ಗಿದಂತೆ. ಆಮೇಲೆ ಎರಡು ಎಳೆಯಾಗಿ. ಮೈಕು ಬಾಯಿಗೆ ಒಂದು ಗೇಣು ದೂರದಲ್ಲಿತ್ತು. ಹೊಸ ಸ್ಪೀಕರು ಚೆನ್ನಾಗಿ ಕೆಲಸ ಮಾಡಿತು. ಗುಳೇದಗುಡ್ಡದ ನಾಲ್ಕು ಓಣಿಗಳ ಮಗ್ಗದ ಸಪ್ಪಳದ ಮೇಲೆ ಅಧ್ಯಕ್ಷರ ಎದೆ ಸೀಂಯ್ ಸೀಂಯ್ ಎಂದು ಮಾತಾಡಿತು. ಮಗ್ಗಗಳು ಒಂದೊಂದಾಗಿ ನಿಂತವು.

ಮಾದೇವಿ ಸಾಲಿನಿಂದ ಎದ್ದು ವೇದಿಕೆ ಹತ್ತಿದಳು. ಎಲೆ ಚೀಲದಿಂದ ಬಿಗಿತ ಬಿಡಿಸುವ ಪಂಪು ತೆಗೆದು ಕುಲುಕಿದಳು. ಶಂಕ್ರಪ್ಪ ಬೇಡವೆಂದು ಕೈ ಅಲ್ಲಾಡಿಸಿದ. ತುಟಿ ನೀಲಿಯಾಗುತ್ತಿತ್ತು.

“ನಾಚಿಕಿ ಆಮ್ಯಾಲ ಪಡ್ರಿ. ಬಾಯಿ ತಗೀರಿ,” ಎಂದಳು. “ಎಳಕೋರಿ. ಹಿಡ್ಕೋರಿ. ಹತ್ತ ಎಣಸ್ರಿ. ಈಗ ಬಿಡ್ರಿ. ಇನ್ನೊಂದ.”

ಇದನ್ನೂ ಮೈಕು ನಾಲ್ಕು ಓಣಿಗೆ ಹೇಳಿತು. ಬೋರವ್ವ ಕೂತಲ್ಲೇ ಹತ್ತು ಎಣಿಸಿದಳು. ಅಷ್ಟು ಹೊತ್ತಿನಲ್ಲಿ ಗುರುಲಿಂಗವ್ವ ಊದಿನಕಡ್ಡಿಯನ್ನೆಲ್ಲ ಕಿತ್ತು ನೀರಿನ ಬಕೆಟ್ಟಿನಲ್ಲಿ ಅದ್ದಿ, ಪ್ಲಗ್ಗು ಹಿಡಿದು ನಿಂತ ವಿಜಯಮಹಾಂತೇಶನನ್ನು ನೋಡಿದಳು. ಅವನು ಹಾರ ತರುವ ನೆವ ಮಾಡಿ ಹೊರಗೆ ಹೋದ. ಹಾರ ಆಗಲೇ ಬಂದಾಗಿತ್ತು.

ಕಾಲು ತಾಸಿನಲ್ಲಿ ಸಿಳ್ಳು ಇಳಿಯಿತು. ಸಭೆ ಮುಗಿದಂತೆಯೇ. ದಾರಿಯಲ್ಲಿ ಬೇಕಾದೀತೆಂದು ಮಾದೇವಿಯ ಪಂಪನ್ನು ಕೈಗೆ ಕೊಟ್ಟು, ಶಂಕ್ರಪ್ಪನನ್ನು ಆಟೋದಲ್ಲಿ ಕೂಡಿಸಿ ದವಾಖಾನೆಗೆ ಕರೆದೊಯ್ದರು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ದುರಗಪ್ಪ ಗೆದ್ದಂತೆಯೇ ಇತ್ತು. ಆದರೆ ಮರುದಿನ ಅವನೂ ಅದೇ ಅಂಗಳದಲ್ಲಿ, ಅದೇ ಸ್ಪೀಕರಿನಲ್ಲಿ ಸಭೆ ಮಾಡಿದ. ನಗಿಸುವ ಚಟ ಅವನದು.

“ದಮ್ಮಿದ್ದವರು ಮನ್ಯಾಗ ಕೌದಿ ಹೊತ್ಕೊಂಡು ಮಲಗಬೇಕ್ರಿ,” ಎಂದ. “ಅವರಿಗ್ಯಾಕ ಬೇಕು ಸೊಸೈಟಿ?”

ಮುಂದಿನ ಎರಡು ಸಾಲು ನಕ್ಕವು. ಹಿಂದಿನ ಸಾಲುಗಳಲ್ಲಿ ಕೂತ ಮಗ್ಗದ ಹೆಂಗಸರು ನಗಲಿಲ್ಲ. ಅವರಲ್ಲಿ ಎಷ್ಟೋ ಜನರ ಎದೆ ಒಳಗೊಳಗೇ ಸಿಳ್ಳು ಹೊಡೆಯುತ್ತಿತ್ತು. ಅವರು ಓಟಿನ ದಿನ ಸೆರಗು ಬಿಗಿದುಕೊಂಡು ಸಾಲಾಗಿ ಬಂದರು. ಶಂಕ್ರಪ್ಪ ಒಂಬತ್ತು ಓಟಿನಿಂದ ಗೆದ್ದ.

ಗೆದ್ದ ಸಂಜೆ ಪೇಪರಿನವರು ಕೇಳಿದಾಗ, “ಆಕ್ಸಿಜನ್ ನನಗ ಮರುಹುಟ್ಟು ಕೊಟ್ಟೈತಿ,” ಎಂದ. ಮರುವಾರ ಒಂದು ಸಣ್ಣ ಸಮಾರಂಭವೂ ಆಯಿತು. ಸೊಸೈಟಿಯ ಸದಸ್ಯೆ ಮಾದೇವಿಗೆ ಅಧ್ಯಕ್ಷರಿಂದ ಆಕ್ಸಿಜನ್ ಮಷಿನ್ ದಾನ. ಸೊಸೈಟಿಯ ವಸ್ತುವನ್ನೇ ಸೊಸೈಟಿಯವಳಿಗೆ ದಾನ ಕೊಟ್ಟದ್ದನ್ನು ಯಾರೂ ಎತ್ತಿ ಆಡಲಿಲ್ಲ. ಫೋಟೋದಲ್ಲಿ ಮಾದೇವಿ ಮಷಿನ್ನಿನ ಹಿಡಿಕೆ ಹಿಡಿದು, ಯಾರದೋ ಎಮ್ಮೆ ಹಿಡಿದವಳಂತೆ ನಿಂತಿದ್ದಳು.

ಅವಳ ಪಂಪು ಮಾತ್ರ ವಾಪಸು ಬರಲಿಲ್ಲ.

ಮೂರು ಸಲ ಹೇಳಿ ಕಳಿಸಿದಳು. ಮೊದಲ ಸಲ ‘ಆಟೋದಾಗ ಬಿದ್ದಿರಬೇಕು’ ಎಂದು ಉತ್ತರ ಬಂತು. ಎರಡನೆಯ ಸಲ ‘ಯಾವ ಪಂಪು?’ ಎಂದು. ಮೂರನೆಯ ಸಲ ಉತ್ತರವೇ ಬರಲಿಲ್ಲ. ಮಷಿನ್ ಅವಳ ಒಂದಂಕಣದ ಮನೆಯಲ್ಲಿ ಮಗ್ಗಕ್ಕೂ ಒಲೆಗೂ ನಡುವೆ ನಿಂತು, ಅದರ ನೆತ್ತಿಯ ಮೇಲೆ ನೂಲಿನ ಲಡಿಗಳು ಕೂತವು. ಅದಕ್ಕೆ ಅದೊಂದೇ ಉಪಯೋಗ. ದಿನದ ಪಂಪು ಇತ್ತು; ಆದರೆ ಬಿಗಿದಾಗ ಬಿಡಿಸುವುದು ಇರಲಿಲ್ಲ. ಅದಿಲ್ಲದೆ ಗಂಜಿ ಹಚ್ಚಿದ ಹಾಸಿನೆಳೆಗಳ ಮುಂದೆ ಮಗ್ಗದಲ್ಲಿ ಕೂರಲು ಅವಳಿಗೆ ಅಂಜಿಕೆ. ಎರಡು ದಿನ ಮಗ್ಗ ನಿಲ್ಲಿಸಿ ಬಾಗಲಕೋಟೆಗೆ ಹೋಗಿ ಬಂದಳು. ಅನುರಾಧಾ ಮೇಡಮ್ಮು ಹೊಸದು ಕೊಟ್ಟು, ಹಳೆಯದು ಎಲ್ಲಿ ಹೋಯಿತೆಂದು ಕೇಳಿದರು.

“ಆರಿಸಿ ಬಂದೈತ್ರಿ,” ಎಂದಳು ಮಾದೇವಿ. “ಈಗ ಅಧ್ಯಕ್ಷರ ಅಂಗಿ ಕಿಸೇದಾಗ ಕೂತೈತಿ.”

ಸೋಮವಾರ ಬೆಳಿಗ್ಗೆ ಅವಳು ಸೊಸೈಟಿಗೆ ಹೋದಳು. ದಿನ, ಹೊತ್ತು ಎರಡನ್ನೂ ನೋಡಿಯೇ ಹೋಗಿದ್ದಳು. ವಾರಕ್ಕೊಮ್ಮೆ ನೂಲಿನ ಕೋಣೆಯ ಕಸ ಹೊಡೆಯುವುದು ಆಗಲೇ. ಶಂಕ್ರಪ್ಪ ಮೇಜಿನ ಹಿಂದೆ ಕೂತು ಕಾಗದ ನೋಡುತ್ತಿದ್ದ.

“ಏನವ್ವಾ ಮಾದೇವಿ? ಮಷಿನ್ ಹೆಂಗೈತಿ?”

“ಚಲೋ ಐತ್ರಿ. ನನ್ನ ಪಂಪು?”

“ಯಾವ ಪಂಪು? ಪಂಪಿನ ಹಂಗಿನಾಗ ನಾ ಇಲ್ಲ.”

“ಹಂಗಾರ ಕೂಡ್ತೇನ್ರಿ. ಅವಸರಿಲ್ಲ.”

ಅವಳು ಗೋಡೆಯ ಬೆಂಚಿನ ಮೇಲೆ ಕೂತು ಸೆರಗನ್ನು ಮೂಗಿಗೆ ಬಿಗಿಯಾಗಿ ಕಟ್ಟಿಕೊಂಡಳು. ಒಳಗಿನ ಕೋಣೆಯಿಂದ ಕಸಬರಿಗೆಯ ಸಪ್ಪಳ ಹತ್ತಿರ ಬಂತು. ವಾರದ ಧೂಳು ಬಾಗಿಲು ದಾಟಿ, ಬಿಸಿಲಿನ ಕೋಲಿನಲ್ಲಿ ತಿರುಗುತ್ತ ಮೇಜಿನ ಕಡೆಗೆ ಬಂದಿತು. ಶಂಕ್ರಪ್ಪ ಅದನ್ನು ನೋಡಿದ. ಮಾದೇವಿಯನ್ನು ನೋಡಿದ. ಒಂದು ಸಲ ಕೆಮ್ಮಿದ. ಕಾಗದದ ಮೇಲೆ ಸಹಿ ಮಾಡಿದ. ಎರಡನೆಯ ಸಲ ಕೆಮ್ಮಿದಾಗ ಕೈ ತಾನೇ ಕಿಸೆಗೆ ಹೋಯಿತು. ಅಲ್ಲಿಂದ ಬಾಯಿಗೆ ಹೋಗುವಾಗ ತಡವರಿಸಲಿಲ್ಲ. ಎಳೆದುಕೊಳ್ಳುವುದು, ಹಿಡಿಯುವುದು, ಹತ್ತು ಎಣಿಸುವುದು ಎಲ್ಲ ರೂಢಿಯಾದವನ ಕೈ.

ಮಾದೇವಿ ಎದ್ದು ಬಂದು ಮೇಜಿನ ಮೇಲೆ ಅಂಗೈ ಚಾಚಿದಳು.

“ಇನ್ನೊಂದ ಎಳಕೋರಿ. ಆಮ್ಯಾಲ ಕೊಡ್ರಿ.”

ಅವನು ಎರಡನೆಯದನ್ನೂ ಎಳೆದುಕೊಂಡು ಪಂಪನ್ನು ಅಂಗೈಯಲ್ಲಿ ಇಟ್ಟ. ಅವಳು ಅದರ ಬಾಯಿಯನ್ನು ಸೆರಗಿನಿಂದ ಒರೆಸಿ, ಕುಲುಕಿ, ಒಳಗೆ ಎಷ್ಟು ಉಳಿದಿದೆ ಎಂದು ಕಿವಿಯ ಹತ್ತಿರ ಹಿಡಿದು ಕೇಳಿ, ಎಲೆ ಚೀಲಕ್ಕೆ ಹಾಕಿದಳು.

“ಮಷಿನ್ ಹೊರಗ ತಳ್ಳೋ ಬಂಡ್ಯಾಗ ಐತ್ರಿ,” ಎಂದಳು. “ಇಳಿಸ್ಕೋರಿ. ನನಗ ಲಡಿ ಇಡಾಕ ಹಲಗಿ ಸಿಕ್ಕೈತಿ. ನಿಮ್ಮ ಪಂಪು ಬಾಗಲಕೋಟಿಯಾಗ ಮೇಡಮ್ಮಾರು ಬರದು ಇಟ್ಟಾರಂತ. ನಿಮ್ಮ ಹೆಸರಿಲೆ ಐತಿ, ನೀವ ಹೋಗಿ ಇಸ್ಕೋಬೇಕಂತ. ಬೆಂಚಿನ ಮ್ಯಾಲ ಕೂತು.”